ರಸ್ತೆಬದಿಯ ಮರ, ಪೊದೆ ಮತ್ತು ಪಾಲಿಕೆ: ತಕರಾರು ಬಗೆಹರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮನೆಯ ಮುಂದಿನ ಮರದ ಕೊಂಬೆ ಮಹಡಿಯ ಮೇಲೆ ಬಾಗಿದೆ, ಫೋನ್ ಮಾಡಿ ಮಾಡಿ ಸಾಕಾಗಿದೆ, ಯಾರೂ ಬರುತ್ತಿಲ್ಲ ಎಂಬ ದೂರು ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತದೆ. ವಿಚಾರಿಸಿದರೆ ಹೆಚ್ಚಿನವರ ಅರ್ಜಿ ತಪ್ಪು ಕಚೇರಿಗೆ ಹೋಗಿರುತ್ತದೆ, ಇಲ್ಲವೇ ಎರಡು ಕೊಂಬೆ ಸವರಿದರೆ ಸಾಕಾಗುವಲ್ಲಿ ‘ಮರ ತೆಗೆಸಿಕೊಡಿ’ ಎಂದು ಬರೆದಿರುತ್ತಾರೆ, ಅದೂ ಇಲ್ಲದಿದ್ದರೆ ಬರವಣಿಗೆಯಲ್ಲಿ ಏನೂ ಇರುವುದಿಲ್ಲ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕು. ಮೂರನೆಯ ಹಂತ ಬಿಟ್ಟು ಐದಕ್ಕೆ ಹಾರಿದವರು ಸಾಮಾನ್ಯವಾಗಿ ಮತ್ತೆ ಮೂರಕ್ಕೇ ಬರಬೇಕಾಗುತ್ತದೆ. ವಿವರಣೆ ಮುಖ್ಯವಾಗಿ ಬೆಂಗಳೂರಿನದು. ಇತರ ಊರುಗಳಲ್ಲಿ ವ್ಯತ್ಯಾಸವಿರುವ ಕಡೆ ಅದನ್ನು ಅಲ್ಲಲ್ಲೇ ಹೇಳಿದೆ.

ಕೊಂಬೆ ಈಗಾಗಲೇ ಮುರಿದು ನೇತಾಡುತ್ತಿದ್ದರೆ ಈ ಯಾವ ಹಂತವೂ ಬೇಡ. ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಕೊಂಬೆ ವಿದ್ಯುತ್ ತಂತಿಯನ್ನು ಮುಟ್ಟಿದ್ದರೆ ಮೊದಲು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಿ, ಅಲ್ಲಿಯವರೆಗೆ ಯಾರನ್ನೂ ಮರದ ಹತ್ತಿರ ಬಿಡಬೇಡಿ. ಮನುಷ್ಯರಿಗೆ ಪೆಟ್ಟಾಗಿದ್ದರೆ 112.

ಹಂತ 1: ಮರದ ಬುಡ ಯಾರ ಜಾಗದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ಕೊಂಬೆ ಎಲ್ಲಿಗೆ ಚಾಚಿದೆ ಎಂಬುದಕ್ಕಿಂತ ಬುಡ ಎಲ್ಲಿದೆ ಎಂಬುದೇ ಈ ವ್ಯವಹಾರದಲ್ಲಿ ಮೊದಲ ಪ್ರಶ್ನೆ. ಕ್ರಯಪತ್ರವನ್ನು ತೆಗೆದು ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯ ವಿವರ) ಓದಿ. ‘ಪೂರ್ವಕ್ಕೆ ರಸ್ತೆ’ ಎಂದಿದ್ದರೆ, ನಿವೇಶನದ ಹಿಂಬದಿಯ ಗಡಿಯಿಂದ ಟೇಪು ಹಿಡಿದು ಪತ್ರದಲ್ಲಿರುವ ಅಳತೆ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿ. ಕಾಂಪೌಂಡ್ ಗೋಡೆಯನ್ನೇ ಗಡಿ ಎಂದು ನಂಬಬೇಡಿ. ಎಷ್ಟೋ ಹಳೆಯ ಬಡಾವಣೆಗಳಲ್ಲಿ ಗೋಡೆಯೇ ಒಂದೆರಡು ಅಡಿ ರಸ್ತೆಗೆ ಬಂದಿರುತ್ತದೆ, ಮತ್ತು ಆ ಸಂಗತಿ ಮರದ ಅರ್ಜಿಯ ನೆಪದಲ್ಲಿ ಹೊರಬೀಳುವುದು ಯಾರಿಗೂ ಹಿತವಲ್ಲ.

ಬುಡ ರಸ್ತೆಯಲ್ಲಿದ್ದರೆ ಮರ ಸಾರ್ವಜನಿಕರದು. ‘ನಮ್ಮ ತಂದೆ ನೆಟ್ಟ ಮರ, ನಾವೇ ನೀರು ಹಾಕಿ ಬೆಳೆಸಿದ್ದು’ ಎಂಬ ಮಾತು ಭಾವನೆಯ ದೃಷ್ಟಿಯಿಂದ ಸರಿ, ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಬುಡ ನಿಮ್ಮ ನಿವೇಶನದ ಒಳಗಿದ್ದರೆ ಮರ ನಿಮ್ಮದು, ಆದರೆ ಕಡಿಯುವ ಸ್ವಾತಂತ್ರ್ಯ ಆಗಲೂ ನಿಮ್ಮದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ (ಈ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡುವ ಅಧಿಕಾರಿ) ಪೂರ್ವಾನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆಯಂಥ ಕೆಲವು ಜಾತಿಗಳಿಗಷ್ಟೇ ವಿನಾಯಿತಿ ಇದೆ.

ಇಲ್ಲಿಯೇ ಒಂದು ಎಚ್ಚರಿಕೆ. ಈ ಕಾಯ್ದೆಯಲ್ಲಿ ‘ಕಡಿಯುವುದು’ ಎಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ; ಕೊಂಬೆ ಸವರುವುದು, ತಲೆ ಬೋಳಿಸುವುದು, ಸುತ್ತ ತೊಗಟೆ ಕೆತ್ತುವುದು, ರಾಸಾಯನಿಕ ಸುರಿಯುವುದು, ಸುಡುವುದು ಎಲ್ಲವೂ ಅದರೊಳಗೆ ಸೇರಿವೆ. ಭಾನುವಾರ ಬೆಳಿಗ್ಗೆ ಕೂಲಿಯವರನ್ನು ಕರೆಸಿ ಮರವನ್ನು ಬೋಳಿಸಿದ ಮನೆಯವರೇ ಕೊನೆಗೆ ಪ್ರಕರಣ ಎದುರಿಸುತ್ತಾರೆ, ಕೂಲಿಯವರಲ್ಲ. ಬುಡಕ್ಕೆ ಆ್ಯಸಿಡ್ ಹಾಕಿ ‘ತಾನಾಗಿಯೇ ಒಣಗಿತು’ ಎನ್ನುವವರು ಇನ್ನೊಂದು ಅಪಾಯವನ್ನೂ ತಂದುಕೊಳ್ಳುತ್ತಾರೆ: ಬೇರು ಸತ್ತ ಮರ ಹಸಿಮರಕ್ಕಿಂತ ಬೇಗ ಉರುಳುತ್ತದೆ, ಮತ್ತು ಉರುಳುವುದು ಅವರ ಮನೆಯ ಮೇಲೆಯೇ ಇರಬಹುದು.

ಹಂತ 2: ಅಪಾಯವೋ ಕಿರಿಕಿರಿಯೋ ಎಂದು ಬೇರ್ಪಡಿಸಿ

ಕಾಯ್ದೆ ಕೆಲವು ಕಾರಣಗಳಿಗೆ ಅನುಮತಿ ನಿರಾಕರಿಸಬಾರದು ಎನ್ನುತ್ತದೆ: ಮರ ಸತ್ತಿರುವುದು, ರೋಗ ತಗುಲಿರುವುದು, ಗಾಳಿಗೆ ಉರುಳಿರುವುದು, ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯವಾಗಿರುವುದು, ಸಂಚಾರಕ್ಕೆ ಅಡ್ಡಿಯಾಗಿರುವುದು. ನಿಮ್ಮ ತೊಂದರೆ ಇವುಗಳಲ್ಲಿ ಯಾವುದರ ಕೆಳಗೆ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಎಲೆ ಗುಡಿಸಿ ಸಾಕಾಯಿತು, ಹಕ್ಕಿಗಳು ಕಾರಿನ ಮೇಲೆ ಗಲೀಜು ಮಾಡುತ್ತವೆ, ಬಾಗಿಲಿಗೆ ಎದುರಾಗಿ ಮರವಿರುವುದು ವಾಸ್ತುವಿಗೆ ಸರಿಯಲ್ಲ ಎಂಬ ಕಾರಣಗಳು ಇವುಗಳಲ್ಲಿ ಎಲ್ಲೂ ಸೇರುವುದಿಲ್ಲ, ಸೇರಬೇಕಾಗಿಯೂ ಇಲ್ಲ.

ನಿಜವಾದ ಅಪಾಯದ ಚಿಹ್ನೆಗಳನ್ನು ನೆಲದ ಮೇಲೆ ನಿಂತೇ ಗುರುತಿಸಬಹುದು. ಹಳೆಯ ಬಾಗುವಿಕೆಗೂ ಹೊಸದಕ್ಕೂ ವ್ಯತ್ಯಾಸವಿದೆ. ಎಳೆಯದರಿಂದಲೇ ಬಾಗಿ ಬೆಳೆದ ಮರದ ತುದಿ ಮತ್ತೆ ಆಕಾಶಕ್ಕೆ ಮುಖ ಮಾಡಿರುತ್ತದೆ, ಕಾಂಡದಲ್ಲಿ ಒಂದು ಬಳುಕು ಕಾಣುತ್ತದೆ. ಇಂಥ ಮರ ಹಲವು ದಶಕ ಹಾಗೆಯೇ ನಿಲ್ಲಬಹುದು. ಇತ್ತೀಚೆಗೆ ವಾಲಿದ ಮರದ ಕಾಂಡ ತುದಿಯವರೆಗೂ ನೇರವಾಗಿ ಓರೆಯಾಗಿರುತ್ತದೆ, ಮತ್ತು ವಾಲಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಬಿರಿದಿರುತ್ತದೆ ಅಥವಾ ಪಾದಚಾರಿ ಮಾರ್ಗದ ಕಲ್ಲು ಎದ್ದಿರುತ್ತದೆ. ಆ ಬಿರುಕು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ ಅರ್ಜಿಯ ದಾರಿ ಬಿಟ್ಟು ನೇರವಾಗಿ ಮೇಲೆ ಹೇಳಿದ 1533ಕ್ಕೆ ಕರೆ ಮಾಡಿ.

ಬುಡದಲ್ಲಿ ಬೀಸಣಿಗೆಯಂತೆ ಚಾಚಿದ ಗಟ್ಟಿ ಅಣಬೆ ಕಂಡರೆ ಒಳಗೆ ಕೊಳೆತ ಶುರುವಾಗಿದೆ ಎಂದರ್ಥ. ಮೇಲೆ ಎಲೆ ಹಸಿರಾಗಿದೆ ಎಂದು ನಿರಾಳವಾಗಬೇಡಿ. ಕಳೆದ ಒಂದೆರಡು ವರ್ಷಗಳಲ್ಲಿ ಚರಂಡಿಗೋ ಕೇಬಲ್‌ಗೋ ರಸ್ತೆ ಅಗೆದಿದ್ದರೆ ಮರದ ಒಂದು ಬದಿಯ ಬೇರು ಕತ್ತರಿಸಿ ಹೋಗಿರುವ ಸಾಧ್ಯತೆ ದೊಡ್ಡದು. ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಉರುಳುವ ಮರಗಳ ಬುಡವನ್ನು ನೋಡಿದರೆ ಹಲವು ಕಡೆ ಇಂಥ ತುಂಡಾದ ಬೇರು, ಇಲ್ಲವೇ ಕಾಂಡದವರೆಗೂ ಮೆತ್ತಿದ ಕಾಂಕ್ರೀಟ್ ಕಣ್ಣಿಗೆ ಬೀಳುತ್ತದೆ. ಗುಲ್‌ಮೊಹರ್, ಕಾಪರ್‌ಪಾಡ್, ಸ್ಪಾತೋಡಿಯಾ ಮರಗಳ ಕೊಂಬೆ ಬೇಗ ಮುರಿಯುತ್ತವೆ. ಹೊಂಗೆ, ಬೇವು, ನೇರಳೆಗಳನ್ನು ಅದೇ ಭಯದಿಂದ ನೋಡಬೇಕಾಗಿಲ್ಲ.

ಹಂತ 3: ದಾಖಲೆ ಸಿದ್ಧಪಡಿಸಿ

ಬೇಕಾಗುವ ಸಾಮಗ್ರಿ ಕಡಿಮೆ: ಅಳತೆಯ ಟೇಪು, ದಿನಾಂಕ ಮತ್ತು ಸ್ಥಳ ಮುದ್ರಿಸುವ ಕ್ಯಾಮೆರಾ ಆ್ಯಪ್ ಇರುವ ಫೋನ್, ಖಾತಾ ಪ್ರತಿ, ಇತ್ತೀಚಿನ ಆಸ್ತಿ ತೆರಿಗೆ ರಸೀದಿ, ಮತ್ತು ಎಲ್ಲವನ್ನೂ ಒಟ್ಟಿಗೆ ಇಡಲು ಒಂದು ಫೈಲು.

ಚಿತ್ರ ತೆಗೆಯುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮುರಿದ ಕೊಂಬೆಯನ್ನು ಮಾತ್ರ ಹತ್ತಿರದಿಂದ ತೆಗೆದ ಚಿತ್ರ ಯಾವ ಊರಿನ ಯಾವ ಮರದ್ದಾದರೂ ಆಗಿರಬಹುದು. ಮೊದಲು ರಸ್ತೆಯ ಎದುರು ಬದಿಯಿಂದ ಇಡೀ ಮರ ಮತ್ತು ಮನೆಯ ಸಂಖ್ಯೆ ಕಾಣುವಂತೆ ಒಂದು ಚಿತ್ರ, ಅನಂತರ ಗೋಡೆಗೂ ಬುಡಕ್ಕೂ ನಡುವೆ ಟೇಪು ಹಿಡಿದು ಅಂಕಿ ಓದಲು ಬರುವಂತೆ ಇನ್ನೊಂದು, ಕೊನೆಗೆ ಬಿರುಕು, ಅಣಬೆ, ಒಣಕೊಂಬೆಗಳ ಹತ್ತಿರದ ಚಿತ್ರಗಳು. ವಾಲುತ್ತಿರುವ ಮರವಾದರೆ ಒಂದೇ ಜಾಗದಲ್ಲಿ ನಿಂತು ವಾರಕ್ಕೊಮ್ಮೆ ಚಿತ್ರ ತೆಗೆಯಿರಿ. ಬೇರಿನಿಂದ ಗೋಡೆ ಬಿರಿದಿದೆ ಎಂಬುದು ನಿಮ್ಮ ವಾದವಾದರೆ ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ದಿನಾಂಕ ಬರೆದು, ತಿಂಗಳಿಗೊಮ್ಮೆ ಅಳೆಯಿರಿ; ಗೋಡೆ ಪಾಯದ ದೋಷದಿಂದಲೂ ಬಿರಿಯುತ್ತದೆ ಎಂಬುದು ಪರಿಶೀಲನೆಗೆ ಬರುವವರಿಗೆ ಗೊತ್ತಿರುತ್ತದೆ.

ಹಂತ 4: ಸರಿಯಾದ ಕಚೇರಿಯನ್ನು ಹಿಡಿಯಿರಿ

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದೇ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದಿವೆ. ಆದ್ದರಿಂದ ಹಳೆಯ ಅರ್ಜಿಯ ನಮೂನೆಯಲ್ಲಿರುವ ವಿಳಾಸವನ್ನು ಕಣ್ಣುಮುಚ್ಚಿ ನಕಲು ಮಾಡದೆ, ನಿಮ್ಮ ವಾರ್ಡು ಈಗ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಂಡು ಬರೆಯಿರಿ.

ರಸ್ತೆಬದಿಯ ಮರಕ್ಕೆ ಸಂಬಂಧಿಸಿದ್ದು ಪಾಲಿಕೆಯ ಅರಣ್ಯ ವಿಭಾಗ. ವಾರ್ಡ್ ಎಂಜಿನಿಯರ್ ಅಲ್ಲ, ಕಸದ ವಿಭಾಗವೂ ಅಲ್ಲ. ತಂತಿಗೆ ತಾಗುವ ಕೊಂಬೆಯ ಮಟ್ಟಿಗೆ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ ಸವರುತ್ತದೆ, ಆದರೆ ಅವರು ತಂತಿಯ ಸುತ್ತ ಮಾತ್ರ ಕತ್ತರಿಸಿ ಮರದ ಒಂದು ಬದಿಯ ಭಾರವನ್ನು ಹಾಗೆಯೇ ಬಿಟ್ಟು ಹೋಗುವುದುಂಟು. ಬಿದ್ದ ಸೊಪ್ಪನ್ನು ಎತ್ತುವುದು ಯಾರ ಕೆಲಸ ಎಂಬ ವಾಗ್ವಾದದಲ್ಲಿ ಅದು ವಾರಗಟ್ಟಲೆ ಚರಂಡಿಯ ಮೇಲೆ ಕೊಳೆಯುತ್ತದೆ. ಎರಡೂ ಕಚೇರಿಗೆ ಒಂದೇ ದಿನ ಬರೆದು, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸಿದರೆ ಈ ಗೋಜಲು ಬಹುಮಟ್ಟಿಗೆ ತಪ್ಪುತ್ತದೆ.

ಬೆಂಗಳೂರಿನ ಹೊರಗೆ ನಗರಸಭೆ ಅಥವಾ ಪುರಸಭೆಗೆ ದೂರು ಕೊಟ್ಟು, ಅನುಮತಿಗಾಗಿ ಅರಣ್ಯ ಇಲಾಖೆಯ ವಲಯ ಕಚೇರಿಯನ್ನು ಕಾಣಬೇಕು. ‘ಜನಹಿತ’ ಆ್ಯಪ್‌ನಲ್ಲಿಯೂ ದೂರು ದಾಖಲಿಸಬಹುದು. ರಸ್ತೆ ಹೆದ್ದಾರಿಯಾಗಿದ್ದರೆ ಅದು ಲೋಕೋಪಯೋಗಿ ಇಲಾಖೆಯದೋ ರಾಷ್ಟ್ರೀಯ ಹೆದ್ದಾರಿಯೋ ಎಂದು ಮೊದಲು ತಿಳಿದುಕೊಳ್ಳಿ. 1912 ರಾಜ್ಯದ ಎಲ್ಲ ವಿದ್ಯುತ್ ಕಂಪನಿಗಳಿಗೂ ಅನ್ವಯಿಸುತ್ತದೆ.

ಹಂತ 5: ಅರ್ಜಿಯಲ್ಲಿ ಕನಿಷ್ಠವನ್ನು ಕೇಳಿ

ಅರ್ಜಿ ಒಂದು ಪುಟ ದಾಟಬಾರದು, ಒಂದು ಮರಕ್ಕೆ ಒಂದೇ ಅರ್ಜಿ. ಇಡೀ ಬೀದಿಯ ಕಷ್ಟವನ್ನೆಲ್ಲ, ಬೀದಿನಾಯಿ ಮತ್ತು ಬೀದಿದೀಪ ಸಮೇತ, ಒಂದೇ ಪತ್ರದಲ್ಲಿ ತುಂಬಿದರೆ ಅದು ಯಾವ ವಿಭಾಗಕ್ಕೂ ಸೇರದೆ ಟಪಾಲಿನಲ್ಲೇ ಸುತ್ತುತ್ತದೆ.

ವಿಷಯದ ಸಾಲು ಹೀಗಿರಲಿ: ‘ಮನೆ ಸಂಖ್ಯೆ … ರ ಮುಂಭಾಗದ ರಸ್ತೆಬದಿಯ ಗುಲ್‌ಮೊಹರ್ ಮರದ ಎರಡು ಒಣಕೊಂಬೆಗಳನ್ನು ತೆರವುಗೊಳಿಸುವ ಕುರಿತು.’ ಒಕ್ಕಣೆ ಹೀಗೆ: ‘ಸದರಿ ಮರದ ಬುಡವು ನಮ್ಮ ಕಾಂಪೌಂಡಿನಿಂದ 3 ಅಡಿ ಹೊರಗೆ ಪಾದಚಾರಿ ಮಾರ್ಗದಲ್ಲಿದೆ. ನೆಲದಿಂದ ಸುಮಾರು 18 ಅಡಿ ಎತ್ತರದಲ್ಲಿ ಪೂರ್ವಕ್ಕೆ ಚಾಚಿರುವ ಎರಡು ಕೊಂಬೆಗಳು ಒಣಗಿದ್ದು, ಕೆಳಗಿನ ಕೊಂಬೆಯ ಕವಲಿನಲ್ಲಿ ಬಿರುಕು ಬಿಟ್ಟಿದೆ. ಇವು ಮೊದಲ ಮಹಡಿಯ ಸಜ್ಜಾದ ಮೇಲೆ ಬಾಗಿರುವುದರಿಂದ ಪ್ರಾಣ ಮತ್ತು ಆಸ್ತಿಗೆ ಅಪಾಯವಿದೆ. ಸ್ಥಳ ಪರಿಶೀಲನೆ ನಡೆಸಿ, ಮರವನ್ನು ಉಳಿಸಿಕೊಂಡು ಈ ಎರಡು ಕೊಂಬೆಗಳನ್ನು ಮಾತ್ರ ತೆರವುಗೊಳಿಸಬೇಕೆಂದು ಕೋರುತ್ತೇನೆ.’

‘ಮಾತ್ರ’ ಎಂಬ ಪದವನ್ನು ಬಿಡಬೇಡಿ. ಇಡೀ ಮರ ತೆಗೆಯಬೇಕೆಂದು ಕೇಳಿದರೆ ಅಕ್ಕಪಕ್ಕದವರ ಆಕ್ಷೇಪ, ಹಿರಿಯ ಅಧಿಕಾರಿಯ ಒಪ್ಪಿಗೆ, ಬದಲಿ ಗಿಡದ ಷರತ್ತು ಎಲ್ಲವೂ ಎದುರಾಗುತ್ತವೆ. ಎರಡು ಕೊಂಬೆಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಅಪರೂಪ. ಕೊಂಬೆಯ ಭಾರ ಇಳಿಸುವುದರಿಂದ ಮರವೂ ಗಾಳಿಗೆ ತಡೆದು ನಿಲ್ಲುತ್ತದೆ ಎಂಬ ಕಾರಣಕ್ಕೆ ಮರಪ್ರೇಮಿಗಳಾದ ನೆರೆಯವರು ಕೂಡ ಇದಕ್ಕೆ ಸಹಿ ಹಾಕುತ್ತಾರೆ. ಕಾಲವೂ ಮುಖ್ಯ: ಅರ್ಜಿ ಜನವರಿ–ಫೆಬ್ರವರಿಯಲ್ಲೇ ಹೋಗಲಿ. ಏಪ್ರಿಲ್‌ನ ಮೊದಲ ಬಿರುಗಾಳಿಯ ನಂತರ ಇರುವ ತಂಡಗಳೆಲ್ಲ ಬಿದ್ದ ಮರ ಎತ್ತುವುದರಲ್ಲೇ ಇರುತ್ತವೆ.

ಕಚೇರಿಗೆ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆ್ಯಪ್‌ನಲ್ಲಿ ಅಥವಾ 1533ರಲ್ಲಿ ಕೊಟ್ಟ ದೂರು ಇದರ ಜೊತೆಗಿರಲಿ, ಇದರ ಬದಲಿಗೆ ಬೇಡ. ಫೋನಿನ ದೂರು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋಗಬಹುದು. ಮೊಹರು ಬಿದ್ದ ಕಾಗದಕ್ಕೆ ಯಾರಾದರೊಬ್ಬರು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರೆಯಲೇಬೇಕಾಗುತ್ತದೆ.

ಹಂತ 6: ಸ್ಥಳ ಪರಿಶೀಲನೆಯ ದಿನ ಮನೆಯಲ್ಲಿರಿ

ಪರಿಶೀಲನೆಗೆ ಬಂದವರು ಬಾಗಿಲು ಹಾಕಿರುವುದನ್ನು ಕಂಡು ಕೆಳಗಿನಿಂದಲೇ ನೋಡಿ ಹೋದರೆ, ಮಹಡಿಯಿಂದ ಮಾತ್ರ ಕಾಣುವ ಬಿರುಕು ವರದಿಗೆ ಬರುವುದಿಲ್ಲ. ಅವರನ್ನು ಮಹಡಿಗೆ ಕರೆದೊಯ್ದು ತೋರಿಸಿ. ಮರದಲ್ಲಿ ಗೂಡು, ಮರಿ, ಹೆಜ್ಜೇನು ಇದ್ದರೆ ನೀವೇ ಮುಂದಾಗಿ ಹೇಳಿ. ಗೂಡಿನಲ್ಲಿ ಮೊಟ್ಟೆ ಇದ್ದಾಗ ಕೊಂಬೆ ಇಳಿಸಿದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಶ್ನೆ ಏಳುತ್ತದೆ, ಹೆಜ್ಜೇನನ್ನು ಮುಚ್ಚಿಟ್ಟರೆ ಮರ ಹತ್ತುವವನ ಜೀವಕ್ಕೇ ಸಂಚಕಾರ. ಮಹಜರು (ಸ್ಥಳದಲ್ಲಿ ಕಂಡದ್ದರ ಲಿಖಿತ ದಾಖಲೆ) ಬರೆದರೆ ಓದಿದ ಮೇಲಷ್ಟೇ ಸಹಿ ಮಾಡಿ, ಪ್ರತಿ ಕೇಳಿ. ಶುಲ್ಕ ಎಂದು ಹಣ ಕೇಳಿದರೆ ಚಲನ್ ಅಥವಾ ರಸೀದಿ ಎಲ್ಲಿ ಎಂದು ವಿಚಾರಿಸಿ. ಅದಿಲ್ಲದ ಶುಲ್ಕ ಶುಲ್ಕವಲ್ಲ.

ಹಂತ 7: ಉತ್ತರ ಬಾರದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ

ಸುಮಾರು 15 ದಿನ ಕಾದು, ಹಳೆಯ ಅರ್ಜಿಯ ಪ್ರತಿ ಲಗತ್ತಿಸಿ ಜ್ಞಾಪನಾಪತ್ರ ಕೊಡಿ. ಅದರಲ್ಲಿ ಒಂದು ಸಾಲು ಸೇರಿಸಿ: ‘ಅಪಾಯವನ್ನು ಲಿಖಿತವಾಗಿ ತಿಳಿಸಿದ ನಂತರವೂ ಕ್ರಮ ಕೈಗೊಳ್ಳದೆ ಹಾನಿ ಸಂಭವಿಸಿದಲ್ಲಿ ಕಚೇರಿಯೇ ಹೊಣೆಯಾಗುತ್ತದೆ.’ ಇದು ಬೆದರಿಕೆಯ ಮಾತಲ್ಲ. ನಾಳೆ ಪರಿಹಾರ ಕೇಳುವಾಗ ಕಚೇರಿಗೆ ಅಪಾಯ ಮೊದಲೇ ತಿಳಿದಿತ್ತು ಎಂಬುದಕ್ಕೆ ಪುರಾವೆ.

ಅದಕ್ಕೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇದನ್ನು ಮರೆತು ಎರಡು ಪುಟ ಬರೆದವರ ಅರ್ಜಿ ಹಿಂದಿರುಗುತ್ತದೆ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂಬ ಪ್ರಶ್ನೆ ಕೇಳಬೇಡಿ, ಅದಕ್ಕೆ ‘ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಸಿದ್ಧ ಉತ್ತರವಿದೆ. ‘ದಿನಾಂಕ … ರಂದು ಸ್ವೀಕೃತವಾದ ನನ್ನ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆ, ಸ್ಥಳ ಪರಿಶೀಲನಾ ವರದಿ ಮತ್ತು ಆದೇಶದ ದೃಢೀಕೃತ ಪ್ರತಿ’ ಎಂದು ಕೇಳಿ. ಎಷ್ಟೋ ಸಲ ಈ ಅರ್ಜಿ ಮೇಜಿಗೆ ಬಂದ ಮೇಲೆಯೇ ಪರಿಶೀಲನೆ ನಡೆಯುತ್ತದೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅನಂತರ ಕರ್ನಾಟಕ ಮಾಹಿತಿ ಆಯೋಗ.

ವೃಕ್ಷಾಧಿಕಾರಿ ಅನುಮತಿ ನಿರಾಕರಿಸಿ ಆದೇಶ ಮಾಡಿದರೆ ದಾರಿ ಬೇರೆ: ಅದರ ಮೇಲೆ, ಇದೇ ಕಾಯ್ದೆಯಡಿ ರಚಿತವಾದ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬೇಕು. ಇದಕ್ಕೆ ಕಾಲಮಿತಿ ಇರುವುದರಿಂದ ಆದೇಶ ಕೈಗೆ ಬಂದ ವಾರದಲ್ಲೇ ವಕೀಲರನ್ನು ಕಾಣುವುದು ಒಳ್ಳೆಯದು. ಸಿವಿಲ್ ದಾವೆಯ ಮಾತು ಬಂದರೆ, ಪಾಲಿಕೆಯ ವಿರುದ್ಧ ದಾವೆಗೆ ಮುನ್ನ ಲಿಖಿತ ನೋಟಿಸ್ ಬೇಕಾಗುತ್ತದೆ. ಅದನ್ನು ಸ್ವತಃ ಬರೆಯಲು ಹೋಗಬೇಡಿ.

ಪಾಲಿಕೆಯೇ ನಿಮಗೆ ನೋಟಿಸ್ ಕೊಟ್ಟಿದ್ದರೆ

ಗೋಡೆ ದಾಟಿ ರಸ್ತೆಗೆ ಬಾಗಿದ ಬೋಗನ್‌ವಿಲ್ಲಾ, ಬೀದಿದೀಪ ಮುಚ್ಚಿದ ನುಗ್ಗೆ, ಪಾದಚಾರಿ ಮಾರ್ಗವನ್ನೇ ಗ್ರಿಲ್ ಹಾಕಿ ಆವರಿಸಿದ ಹೂದೋಟ: ಇವುಗಳಿಗೆ ನೋಟಿಸ್ ಬರುವುದು ಸಹಜ. ನೋಟಿಸನ್ನು ಪಡೆಯಲು ನಿರಾಕರಿಸುವುದರಿಂದ ಲಾಭವಿಲ್ಲ, ಗೇಟಿಗೆ ಅಂಟಿಸಿ ಹೋಗುತ್ತಾರೆ, ಗಡುವು ಅಂದಿನಿಂದಲೇ ಓಡಲಾರಂಭಿಸುತ್ತದೆ. ಪಡೆದು, ದಿನಾಂಕ, ಸಹಿ, ಉಲ್ಲೇಖಿಸಿದ ಕಲಂ, ಕೊಟ್ಟಿರುವ ಅವಧಿಗಳನ್ನು ನೋಡಿ.

ರಸ್ತೆಯ ಮೇಲಿನ ತೋಟದ ಬಗ್ಗೆ ವಾದ ಹೂಡುವುದರಲ್ಲಿ ಅರ್ಥವಿಲ್ಲ. ಅದು ಎಷ್ಟೇ ಚೆಂದವಿದ್ದರೂ ಗಾಲಿಕುರ್ಚಿಯವರನ್ನು ರಸ್ತೆಗೆ ಇಳಿಸುತ್ತದೆ. ಕುಂಡಗಳನ್ನು ಒಳಗೆ ತಂದು, ಗ್ರಿಲ್ ಬಿಚ್ಚಿ, ಚಿತ್ರ ತೆಗೆದು, ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟುಬಿಡಿ. ಬೇಲಿಯ ಗಿಡವನ್ನು ಗೋಡೆಯ ಮಟ್ಟಕ್ಕೆ ಸವರಿ, ನಡೆಯುವವರ ತಲೆಯ ಮೇಲೆ 8 ಅಡಿಯಾದರೂ ತೆರವಿಟ್ಟರೆ ಮತ್ತೆ ದೂರು ಬರುವುದು ಕಡಿಮೆ. ಇದು ನಿಯಮದ ಅಂಕಿಯಲ್ಲ, ವ್ಯವಹಾರದ ಅಂಕಿ. ಆದರೆ ನೋಟಿಸ್ ಮರವನ್ನು ಕುರಿತದ್ದಾದರೆ ಅದನ್ನೇ ಕಡಿಯುವ ಪರವಾನಗಿ ಎಂದು ಭಾವಿಸಬೇಡಿ. ಉತ್ತರದಲ್ಲಿ ‘ವೃಕ್ಷಾಧಿಕಾರಿಯ ಅನುಮತಿಗೆ ಅರ್ಜಿ ಸಲ್ಲಿಸಿದ್ದೇನೆ, ಅನುಮತಿ ದೊರೆಯುವವರೆಗೆ ಕಾಲಾವಕಾಶ ಕೊಡಿ’ ಎಂದು ಬರೆದು, ಹಂತ 5ಕ್ಕೆ ಹೋಗಿ. ಬುಡ ನಿಮ್ಮ ಗಡಿಯೊಳಗಿಲ್ಲ ಎಂಬುದು ನಿಮ್ಮ ವಾದವಾದರೆ ಎರಡೂ ಕಡೆಯವರ ಎದುರಿನಲ್ಲಿ ನಡೆಯುವ ಜಂಟಿ ಅಳತೆಗೆ ಕೋರಿ.

ಪಕ್ಕದ ಖಾಲಿ ನಿವೇಶನ ಕಾಡಾಗಿದ್ದರೆ

ಮಾಲೀಕರು ಪರದೇಶದಲ್ಲಿದ್ದಾರೆ, ನಿವೇಶನದಲ್ಲಿ ಕಾಂಗ್ರೆಸ್ ಗಿಡ, ಹರಳು, ಲಂಟಾನ ಆಳೆತ್ತರ ಬೆಳೆದು ಪಾದಚಾರಿ ಮಾರ್ಗ ಮುಚ್ಚಿದೆ ಎಂಬುದು ಸಾಮಾನ್ಯ ದೃಶ್ಯ. ಮಾಲೀಕರ ಹೆಸರು ನಿಮಗೆ ಸಿಗದಿದ್ದರೂ ಪಾಲಿಕೆಯ ತೆರಿಗೆ ದಾಖಲೆಯಲ್ಲಿ ಇರುತ್ತದೆ. ‘ಮಾಲೀಕರಿಗೆ ನೋಟಿಸ್ ನೀಡಿ, ಅವರು ಸ್ವಚ್ಛಗೊಳಿಸದಿದ್ದಲ್ಲಿ ಪಾಲಿಕೆಯೇ ಸ್ವಚ್ಛಗೊಳಿಸಿ ವೆಚ್ಚವನ್ನು ವಸೂಲಿ ಮಾಡಬೇಕು’ ಎಂದು ಆರೋಗ್ಯ ಮತ್ತು ಕಂದಾಯ ವಿಭಾಗಗಳೆರಡಕ್ಕೂ ಬರೆಯಿರಿ. ಹಂಚಿಕೆಯಾಗದ ನಿವೇಶನವಾದರೆ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದಾಗಿರಬಹುದು (ಬಿಡಿಎ); ಆಗ ಪಾಲಿಕೆಗೆ ಬರೆದು ಕಾಯುವುದು ವ್ಯರ್ಥ.

ಬೆಂಕಿ ಹಚ್ಚಿ ಸುಡುವ ಸುಲಭೋಪಾಯ ಬೇಡವೇ ಬೇಡ. ಹಾವು ಕಂಡರೆ ಹಿಡಿಯುವವರನ್ನು ಕರೆಸಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಬೇಕು, ಕೀಳುವವರಿಗೆ ಕೈಗವಸು ಮತ್ತು ಮುಖಗವಸು ಕೊಡಬೇಕು. ಅದರ ಸ್ಪರ್ಶದಿಂದ ಚರ್ಮದ ಅಲರ್ಜಿ, ಪರಾಗದಿಂದ ಉಬ್ಬಸ ಬರುತ್ತದೆ.

ಹಂತ 8: ಕತ್ತರಿಸುವ ದಿನ ಮತ್ತು ಅನಂತರ

ಅನುಮತಿ ಪತ್ರದ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು, ಯಾವ ಕೊಂಬೆ ಎಂಬುದನ್ನು ಕೆಲಸ ಶುರುವಾಗುವ ಮುನ್ನವೇ ತಂಡಕ್ಕೆ ತೋರಿಸಿ. ಒಂದೇ ಬದಿಯನ್ನು ಪೂರ್ತಿ ಬೋಳಿಸಿ ಇನ್ನೊಂದು ಬದಿಯನ್ನು ಹಾಗೆಯೇ ಬಿಡುತ್ತಿದ್ದರೆ ತಡೆಯಿರಿ. ಮರ ಭಾರದ ಕಡೆಗೆ ವಾಲುತ್ತದೆ. ಕವಲಿನ ಬುಡದಲ್ಲಿ, ಕಾಂಡಕ್ಕೆ ಗಾಯವಾಗದಂತೆ ಕತ್ತರಿಸಬೇಕು. ಭಾರವಾದ ಕೊಂಬೆಯ ಕೆಳಭಾಗದಲ್ಲಿ ಮೊದಲು ಕಚ್ಚು ಹಾಕದೆ ಮೇಲಿನಿಂದಲೇ ಕೊಯ್ದರೆ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡೇ ಇಳಿಯುತ್ತದೆ, ಕೊಳೆತ ಅಲ್ಲಿಂದ ಶುರು. ಬುಡದ ಸುತ್ತ ಮೆತ್ತಿದ ಕಾಂಕ್ರೀಟನ್ನು ಒಡೆದು ಮಣ್ಣು ಬಿಡಿಸಿಕೊಡಿ ಎಂದು ಇದೇ ಸಂದರ್ಭದಲ್ಲಿ ಎಂಜಿನಿಯರ್ ವಿಭಾಗಕ್ಕೆ ಒಂದು ಪತ್ರ ಬರೆಯಬಹುದು.

ರಸ್ತೆಬದಿಯ ಮರದ ದಿಮ್ಮಿ ಪಾಲಿಕೆಯ ಸ್ವತ್ತು, ಸೌದೆಗೆಂದು ಒಳಗೆ ಎಳೆದುಕೊಳ್ಳಬೇಡಿ. ನಿಮ್ಮ ಜಾಗದ ಮರವಾದರೂ ಸಾಗಿಸುವ ಮೊದಲು ಆ ಜಾತಿಗೆ ಸಾಗಣೆ ಪರವಾನಗಿ ಬೇಕೇ ಎಂದು ಅದೇ ಕಚೇರಿಯಲ್ಲಿ ಕೇಳಿ. ಬದಲಿ ಗಿಡ ನೆಡುವ ಷರತ್ತು ಪತ್ರದಲ್ಲಿದ್ದರೆ, ನೆಟ್ಟ ಚಿತ್ರವನ್ನು ಕಡತಕ್ಕೆ ಸೇರಿಸಿ ಸ್ವೀಕೃತಿ ಪಡೆಯಿರಿ.

ಅನುಮತಿ ಬರುವ ಮೊದಲೇ ಕೊಂಬೆ ಕಾರಿನ ಮೇಲೆ ಬಿದ್ದರೆ, ಕೊಂಬೆ ಎತ್ತುವ ಮುನ್ನ ನಂಬರ್ ಪ್ಲೇಟ್ ಕಾಣುವಂತೆ ಚಿತ್ರ ತೆಗೆದು ವಿಮಾ ಕಂಪನಿಗೆ ತಿಳಿಸಿ. ಸಮಗ್ರ ವಿಮೆಯಲ್ಲಿ ಇದಕ್ಕೆ ಪರಿಹಾರವಿದೆ, ಥರ್ಡ್ ಪಾರ್ಟಿ ವಿಮೆಯಲ್ಲಿ ಇಲ್ಲ. ಪಾಲಿಕೆಯಿಂದ ಪರಿಹಾರ ಕೇಳುವವರು ಮೊಹರು ಬಿದ್ದ ಹಳೆಯ ಅರ್ಜಿ, ಜ್ಞಾಪನಾಪತ್ರ, ಚಿತ್ರ, ದುರಸ್ತಿ ಬಿಲ್ಲು, ಮತ್ತು ಠಾಣೆಯಲ್ಲಿ ಕೊಟ್ಟ ದೂರಿನ ಸ್ವೀಕೃತಿಯನ್ನು ಒಟ್ಟಿಗೆ ಲಗತ್ತಿಸಿ ಆಯುಕ್ತರಿಗೆ ಸಲ್ಲಿಸಬೇಕು.